ಎರಡು ಫ್ಯೂಸಿನ ಕಾರು: ಹಳೆಯ ಅಂಬಾಸಡರ್ ಬಳಗದ ವೈರಿಂಗ್ ಸುಧಾರಣೆ

1950ರ ದಶಕದ ಕೊನೆಯಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾದ ಹಿಂದೂಸ್ತಾನ್ ಮೋಟರ್ಸ್ ಕಾರ್ಖಾನೆಯು ಅಂಬಾಸಡರ್ ಕಾರನ್ನು ತಯಾರಿಸಲು ತೊಡಗಿದಾಗ ಅದಕ್ಕೆ ಆಧಾರವಾಗಿದ್ದುದು ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಆ ಕಾರಿನ ಮೈಕಟ್ಟಿನ ಜೊತೆಗೆ ಅದರ ವಿದ್ಯುತ್ ವ್ಯವಸ್ಥೆಯೂ ನಮ್ಮಲ್ಲಿಗೆ ಬಂದಿತು: ಲೂಕಾಸ್ ಕಂಪನಿಯ ವಿನ್ಯಾಸದ, ಎಂಜಿನ್ನಿನಿಂದ ತಿರುಗಿ ಕರೆಂಟ್ ಹುಟ್ಟಿಸುವ ಡೈನಮೊ, ಅದರ ಚಾರ್ಜನ್ನು ಹತೋಟಿಯಲ್ಲಿಡುವ, ನಮ್ಮ ಮೆಕ್ಯಾನಿಕ್‌ಗಳು ‘ಕಟ್‌ಔಟ್’ ಎಂದೇ ಕರೆಯುವ ನಿಯಂತ್ರಣ ಪೆಟ್ಟಿಗೆ ಮತ್ತು ಎರಡೇ ಎರಡು ಗಾಜಿನ ಫ್ಯೂಸ್‌ಗಳನ್ನು ಹಿಡಿದುಕೊಂಡಿರುವ ಒಂದು ಪುಟ್ಟ ಫ್ಯೂಸ್ ಬಾಕ್ಸ್. ಮೋರಿಸ್ ಮೈನರ್, ಮೊದಲ ವರ್ಷಗಳ ಎಂಜಿಬಿ ಮುಂತಾದ ಆ ಕಾಲದ ಅನೇಕ ಬ್ರಿಟಿಷ್ ಕಾರುಗಳಲ್ಲಿಯೂ ಇದ್ದುದು ಇದೇ ಏರ್ಪಾಡು. ಇಂದು ಇಂತಹ ಕಾರನ್ನು ಜತನದಿಂದ ಓಡಿಸುತ್ತಿರುವವರು ಎಂಜಿನ್ನಿಗೆ, ಬಣ್ಣಕ್ಕೆ, ಸೀಟಿನ ಹೊದಿಕೆಗೆ ಧಾರಾಳವಾಗಿ ಖರ್ಚು ಮಾಡುತ್ತಾರೆ; ಆದರೆ ಡ್ಯಾಶ್‌ಬೋರ್ಡಿನ ಹಿಂದೆ ಕಾಣದಂತೆ ಹಾದುಹೋಗಿರುವ ಅರ್ಧ ಶತಮಾನದ ವೈರುಗಳನ್ನು, ಅವು ಹೊಗೆಯಾಡುವವರೆಗೂ, ಯಾರೂ ತಿರುಗಿ ನೋಡುವುದಿಲ್ಲ. ಹಳೆಯ ಕಾರುಗಳ ಬೆಂಕಿ ಅನಾಹುತಗಳಿಗೆ ಸೋರುವ ಪೆಟ್ರೋಲ್ ಎಷ್ಟು ಕಾರಣವೋ ಫ್ಯೂಸಿಲ್ಲದ ವೈರುಗಳೂ ಅಷ್ಟೇ ಕಾರಣವಾಗಬಲ್ಲವು. ಆದ್ದರಿಂದ ಇಂತಹ ಕಾರಿನ ಫ್ಯೂಸ್ ಮತ್ತು ವೈರುಗಳ ಸುಧಾರಣೆಯ ತರ್ಕವನ್ನು ಮಾಲೀಕರು ತಾವೇ ಅರಿತಿರುವುದು ಒಳ್ಳೆಯದು; ಕೆಲಸವನ್ನು ಬೇರೆಯವರಿಂದ ಮಾಡಿಸಿದರೂ ಏನನ್ನು ಕೇಳಬೇಕು, ಏನನ್ನು ಒಪ್ಪಬಾರದು ಎಂಬುದು ಆಗ ತಿಳಿದಿರುತ್ತದೆ.

ಆ ಎರಡು ಫ್ಯೂಸ್‌ಗಳ ಕೆಲಸದ ಹಂಚಿಕೆ ಸರಳವಾದುದು. ಎ1 ಮತ್ತು ಎ2 ಎಂದು ಗುರುತಿಸಿರುವ ತುದಿಗಳ ನಡುವಣ ಫ್ಯೂಸಿಗೆ ಬ್ಯಾಟರಿಯ ಕರೆಂಟ್ ಸದಾ ಬರುತ್ತಿರುತ್ತದೆ. ಹಾರ್ನ್, ಒಳಗಿನ ದೀಪ ಮುಂತಾದ, ಕೀಲಿ ತಿರುಗಿಸದಿದ್ದರೂ ನಡೆಯಬೇಕಾದವು ಅದರ ಪಾಲಿಗೆ ಬರುತ್ತವೆ. ಎ3 ಮತ್ತು ಎ4ರ ನಡುವಣ ಫ್ಯೂಸಿಗೆ ಇಗ್ನಿಷನ್ ಸ್ವಿಚ್ ಹಾಕಿದಾಗ ಮಾತ್ರ ಕರೆಂಟ್ ಸಿಗುತ್ತದೆ. ವೈಪರ್, ಇಂಡಿಕೇಟರ್, ಬ್ರೇಕ್ ಲೈಟ್, ಪೆಟ್ರೋಲ್ ಗೇಜ್ ಎಲ್ಲವೂ ಅದೊಂದನ್ನೇ ನೆಚ್ಚಿಕೊಂಡಿವೆ. ಹೆಡ್‌ಲೈಟಿಗೆ, ಸ್ಪಾರ್ಕ್ ಪ್ಲಗ್ಗಿನ ಕಿಡಿಗೆ ಕರೆಂಟ್ ಒದಗಿಸುವ ಇಗ್ನಿಷನ್ ಕಾಯಿಲಿಗೆ, ಬ್ಯಾಟರಿ ಮತ್ತು ಕಟ್‌ಔಟಿನ ನಡುವಣ ದಪ್ಪ ಕಂದು ವೈರಿಗೆ ಫ್ಯೂಸೇ ಇಲ್ಲ. ರಾತ್ರಿ ವೇಗವಾಗಿ ಹೋಗುತ್ತಿರುವ ಕಾರಿನಲ್ಲಿ ಒಂದೇ ಫ್ಯೂಸ್ ಹೋಗಿ ಎರಡೂ ಹೆಡ್‌ಲೈಟ್ ಒಮ್ಮೆಲೇ ಆರಿದರೆ ಆಗುವ ಅನಾಹುತವನ್ನು ನೆನೆದರೆ, ಹೆಡ್‌ಲೈಟಿಗೆ ಫ್ಯೂಸ್ ಬೇಡವೆಂಬ ಅಂದಿನ ನಿಲುವಿಗೂ ಅರ್ಥವಿದೆ ಎನ್ನಬೇಕು. ಆದರೆ ಅದರ ಬೆಲೆಯೆಂದರೆ, ಆ ವೈರು ಎಲ್ಲಿಯಾದರೂ ಕಾರಿನ ಲೋಹದ ಮೈಗೆ ತಗುಲಿ ಶಾರ್ಟ್ ಆದರೆ ಅದನ್ನು ತಡೆಯುವುದು ಏನೂ ಇಲ್ಲ. ಕಾರಿನ ಬ್ಯಾಟರಿ 12 ವೋಲ್ಟಿನದಾದರೂ ಶಾರ್ಟ್ ಆದಾಗ ನೂರಾರು ಆಂಪಿಯರ್ ಕರೆಂಟನ್ನು ಸುರಿಸಬಲ್ಲದು. ವೈರು ಕೆಂಪಗೆ ಕಾದು ಹೊದಿಕೆ ಉರಿಯುವುದಕ್ಕೆ ಕೆಲವೇ ಕ್ಷಣಗಳು ಸಾಕು.

ಹೊಸದಾಗಿದ್ದಾಗ ಈ ಏರ್ಪಾಡು ಅಷ್ಟೇನೂ ಕೆಟ್ಟದ್ದಾಗಿರಲಿಲ್ಲ. ಆ ಕಾಲದ ಲೂಕಾಸ್ ಸಿ40 ಡೈನಮೊ ಕೊಡುತ್ತಿದ್ದುದೇ ಹೆಚ್ಚೆಂದರೆ 22 ಆಂಪಿಯರ್. ಬಲ್ಬುಗಳು ಸಣ್ಣವು, ರೇಡಿಯೊ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಇಂದು ಅದೇ ವೈರುಗಳ ಮೇಲೆ 60/55 ವಾಟಿನ ಹ್ಯಾಲೊಜನ್ ಬಲ್ಬು, ಗಟ್ಟಿ ದನಿಯ ಜೋಡಿ ಹಾರ್ನ್, ಮೊಬೈಲ್ ಚಾರ್ಜರ್, ಒಳಗಿನ ಫ್ಯಾನ್, ಕೆಲವರ ಕಾರಿನಲ್ಲಿ ಫಾಗ್ ಲೈಟ್ ಸಹ ಸೇರಿಕೊಂಡಿವೆ. ಜೊತೆಗೆ ವಯಸ್ಸು. ತೀರ ಹಳೆಯ ಕಾರುಗಳಲ್ಲಿ ವೈರಿನ ಹೊದಿಕೆ ರಬ್ಬರಿನದು, ಅದರ ಮೇಲೆ ಹತ್ತಿಯ ನೇಯ್ಗೆ. ಆ ರಬ್ಬರು ಶಾಖಕ್ಕೆ ಗಟ್ಟಿಯಾಗಿ, ಬಗ್ಗಿಸಿದಲ್ಲೆಲ್ಲ ಪುಡಿಪುಡಿಯಾಗಿ ಉದುರುತ್ತದೆ. ನಂತರ ಬಂದ ಪಿವಿಸಿ ಹೊದಿಕೆಯೂ ಎಂಜಿನ್ನಿನ ಬಳಿ ಬಿರುಸಾಗಿ ಸೀಳುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಡೆಯ ಕಾರುಗಳಲ್ಲಿ ಕಡಲಿನ ಉಪ್ಪು ಗಾಳಿ ಹೊದಿಕೆಯೊಳಗೆ ಹೊಕ್ಕು ತಾಮ್ರದ ಎಳೆಗಳನ್ನು ಹಸಿರುಗಟ್ಟಿಸಿರುತ್ತದೆ. ಅಂತಹ ವೈರನ್ನು ಸುಲಿದರೆ ಒಳಗೆ ಹೊಳೆಯುವ ತಾಮ್ರದ ಬದಲು ಕಪ್ಪು ಹುಡಿ ಕಾಣುತ್ತದೆ.

ಫ್ಯೂಸ್ ಕಾಯುವುದು ವೈರನ್ನು

ಫ್ಯೂಸ್ ಇರುವುದು ಬಲ್ಬನ್ನೋ ರೇಡಿಯೊವನ್ನೋ ಉಳಿಸುವುದಕ್ಕೆ ಎಂಬುದು ಬಹಳ ಜನರಲ್ಲಿರುವ ತಿಳಿವಳಿಕೆ. ಅದು ಇರುವುದು ಮೊದಲಿಗೆ ವೈರನ್ನು ಉಳಿಸುವುದಕ್ಕೆ. ವೈರಿನಲ್ಲಿ ಹರಿಯುವ ಕರೆಂಟ್ ಎರಡು ಪಟ್ಟಾದರೆ ಅದರಲ್ಲಿ ಹುಟ್ಟುವ ಶಾಖ ನಾಲ್ಕು ಪಟ್ಟಾಗುತ್ತದೆ, ಮೂರು ಪಟ್ಟಾದರೆ ಒಂಬತ್ತು ಪಟ್ಟು. ಶಾಖವು ಕರೆಂಟಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ ಎಂಬ ಈ ಒಂದು ನಿಯಮವೇ ಇಡೀ ವಿಷಯದ ತಳಹದಿ. ಆದ್ದರಿಂದ ಒಂದು ಸರ್ಕ್ಯೂಟಿಗೆ ಎಷ್ಟು ಆಂಪಿಯರಿನ ಫ್ಯೂಸ್ ಹಾಕಬೇಕೆಂಬುದನ್ನು ತೀರ್ಮಾನಿಸುವುದು ಆ ಸರ್ಕ್ಯೂಟಿನ ಅತ್ಯಂತ ತೆಳುವಾದ ವೈರು. ಉಪಕರಣಕ್ಕೆ ಬೇಕಾದ ಕರೆಂಟನ್ನು ನೋಡಿ ವೈರನ್ನು ಆರಿಸಬೇಕು, ವೈರನ್ನು ನೋಡಿ ಫ್ಯೂಸನ್ನು ಆರಿಸಬೇಕು. ಈ ಕ್ರಮ ತಲೆಕೆಳಗಾದಾಗ, ಅಂದರೆ ಫ್ಯೂಸ್ ಪದೇ ಪದೇ ಹೋಗುತ್ತಿದೆಯೆಂದು ದೊಡ್ಡದನ್ನು ಹಾಕಿದಾಗ, ಫ್ಯೂಸಿನ ಕೆಲಸವನ್ನು ವೈರೇ ಮಾಡಬೇಕಾಗುತ್ತದೆ. ಕಾರ್ಪೆಟ್ಟಿನ ಕೆಳಗೆಲ್ಲೋ ಅದು ತಾನೇ ಕರಗುತ್ತದೆ. ಹೋದ ಫ್ಯೂಸಿಗೆ ತಾಮ್ರದ ಎಳೆಯನ್ನು ಸುತ್ತುವುದು, ಸಿಗರೇಟ್ ಪ್ಯಾಕಿನ ಹಾಳೆಯನ್ನು ಮಡಿಚಿ ಇಡುವುದು ದಾರಿಯ ನಡುವೆ ಉಪಾಯದಂತೆ ಕಂಡರೂ ನಿಜದಲ್ಲಿ ಅದು ಫ್ಯೂಸನ್ನೇ ತೆಗೆದುಹಾಕಿದ್ದಕ್ಕೆ ಸಮ.

ಇಲ್ಲಿ ಲೂಕಾಸ್ ಕಾರುಗಳಿಗೇ ವಿಶೇಷವಾದ ಒಂದು ಬಲೆಯಿದೆ. ಅದರಲ್ಲಿ ಬಿದ್ದಿರುವ ಕಾರುಗಳು ನಮ್ಮ ನಡುವೆ ಬಹಳ ಇರುವುದರಿಂದ ಇದನ್ನು ಸ್ವಲ್ಪ ನಿಧಾನವಾಗಿ ವಿವರಿಸಬೇಕು. ಹಳೆಯ ಲೂಕಾಸ್ ಗಾಜಿನ ಫ್ಯೂಸಿನೊಳಗೆ ಇರುವ ಕಾಗದದ ಚೀಟಿಯ ಮೇಲೆ 35 ಎಂದು ಬರೆದಿರುತ್ತದೆ. ಕಾರಿನ ಕೈಪಿಡಿಯಲ್ಲಿಯೂ 35 ಆಂಪಿಯರ್ ಎಂದೇ ಇರುತ್ತದೆ. ಆದರೆ ಬ್ರಿಟಿಷ್ ಪದ್ಧತಿಯಲ್ಲಿ ಆ ಅಂಕಿಯು ಫ್ಯೂಸ್ ಕರಗಿಹೋಗುವ ಕರೆಂಟನ್ನು ಸೂಚಿಸುತ್ತದೆ. ಅದು ಎಡೆಬಿಡದೆ ಹೊರಬಲ್ಲ ಕರೆಂಟ್ ಸುಮಾರು 17 ಆಂಪಿಯರ್ ಮಾತ್ರ. ಅಮೆರಿಕದ ಗಾಜಿನ ಫ್ಯೂಸ್‌ಗಳಲ್ಲಿ ಮತ್ತು ಇಂದು ಎಲ್ಲೆಡೆ ಸಿಗುವ ಬ್ಲೇಡ್ ಫ್ಯೂಸ್‌ಗಳಲ್ಲಿ ಬರೆದಿರುವ ಅಂಕಿಯ ಅರ್ಥವೇ ಬೇರೆ: ಅಷ್ಟು ಕರೆಂಟನ್ನು ಅವು ಕರಗದೆ ಹೊರುತ್ತವೆ. ಬ್ಲೇಡ್ ಫ್ಯೂಸಿನ ಮಾನದಂಡದ ಪ್ರಕಾರ ಬರೆದ ಅಂಕಿಗಿಂತ ಶೇ 10ರಷ್ಟು ಹೆಚ್ಚಿನ ಕರೆಂಟನ್ನು ಅದು 100 ಗಂಟೆ ತಾಳಿಕೊಳ್ಳಬೇಕು; ಶೇ 35ರಷ್ಟು ಹೆಚ್ಚಾದರೂ ಕರಗಲು ಹತ್ತು ನಿಮಿಷದವರೆಗೆ ಸಮಯ ತೆಗೆದುಕೊಳ್ಳಬಹುದು; ಎರಡು ಪಟ್ಟಾದರೆ ಐದು ಸೆಕೆಂಡಿನೊಳಗೆ ಕರಗಬೇಕು. ಈಗ ಕೈಪಿಡಿಯನ್ನು ನಂಬಿ 35ರ ಜಾಗದಲ್ಲಿ ಹೊಸ ಕಾಲದ 35 ಆಂಪಿಯರ್ ಫ್ಯೂಸನ್ನು ಹಾಕಿದರೆ, ಅದು 38 ಆಂಪಿಯರನ್ನು ದಿನಗಟ್ಟಲೆ ಸಾಗಗೊಡುತ್ತದೆ. ಆ ಸರ್ಕ್ಯೂಟಿನ ಒಳ್ಳೆಯ ದಪ್ಪ ವೈರಿನ ಸಾಮರ್ಥ್ಯವೇ 17.5 ಆಂಪಿಯರ್ ಎಂದಿಟ್ಟುಕೊಂಡರೆ ಅದರಲ್ಲಿ ಹುಟ್ಟುವ ಶಾಖ ಮಿತಿಯ ಐದು ಪಟ್ಟಿಗೆ ಹತ್ತಿರವಾಗುತ್ತದೆ, ಫ್ಯೂಸ್ ಮಾತ್ರ ಅಲುಗಾಡದೆ ಕುಳಿತಿರುತ್ತದೆ. ಹೊಸ ಮಾದರಿಯ ಫ್ಯೂಸಿಗೆ ಬದಲಾಯಿಸುವವರು ಹಳೆಯ 35ರ ಬದಲಿಗೆ 15 ಆಂಪಿಯರಿನದನ್ನು ಹಾಕುವುದು ಸರಿಯಾದ ಆರಂಭ.

ಫಿಯೆಟ್ ವಂಶದ ಕಾರುಗಳದು ಇನ್ನೊಂದು ಬಗೆ. ಅಲ್ಲಿ ಬಳಕೆಯಾಗುವುದು ಪಿಂಗಾಣಿಯ ಮೈಯ ಮೇಲೆ ತೆರೆದ ಲೋಹದ ಪಟ್ಟಿಯಿರುವ, ಎರಡು ಚೂಪು ತುದಿಗಳ ಯೂರೋಪಿನ ಫ್ಯೂಸ್. ಅವುಗಳ ಅಂಕಿ ನಂಬುವಂಥದ್ದೇ. ತೊಂದರೆಯಿರುವುದು ಅವನ್ನು ಹಿಡಿಯುವ ಹಿತ್ತಾಳೆಯ ಸ್ಪ್ರಿಂಗಿನಲ್ಲಿ. ಸ್ಪ್ರಿಂಗ್ ಸಡಿಲಗೊಂಡು ತುದಿಗಳು ಕಿಲುಬು ಹಿಡಿದರೆ ಸ್ಪರ್ಶದ ಜಾಗವೇ ಕಾಯತೊಡಗುತ್ತದೆ, ಎಷ್ಟೋ ಸಲ ಕರೆಂಟ್ ಹೆಚ್ಚಾಗದಿದ್ದರೂ ಆ ಶಾಖಕ್ಕೇ ಫ್ಯೂಸ್ ಕರಗುತ್ತದೆ. ಬ್ಲೇಡ್ ಫ್ಯೂಸಿನ ನಿಜವಾದ ಹೆಚ್ಚುಗಾರಿಕೆ ಇಲ್ಲಿದೆ: ಅದರ ಅಗಲವಾದ ಎರಡು ಕಾಲುಗಳು ಬಿಗಿಯಾಗಿ ಕೂರುತ್ತವೆ, ಅಂಕಿಯನ್ನು ಬಣ್ಣವೇ ಹೇಳುತ್ತದೆ. ಕಂದು 7.5, ಕೆಂಪು 10, ನೀಲಿ 15, ಹಳದಿ 20, ಹಸಿರು 30 ಆಂಪಿಯರ್. ಹಳೆಯ ರೂಪವನ್ನು ಕಾಪಾಡಿಕೊಳ್ಳಬೇಕೆನ್ನುವವರು ಮೂಲ ಫ್ಯೂಸ್ ಬಾಕ್ಸನ್ನು ಅದರ ಜಾಗದಲ್ಲಿಯೇ ಬಿಟ್ಟು, ಹೊಸ ಬ್ಲೇಡ್ ಫ್ಯೂಸ್ ಬಾಕ್ಸನ್ನು ಡ್ಯಾಶ್‌ಬೋರ್ಡಿನ ಕೆಳಗೆ ಕೈಗೆ ಎಟುಕುವಂತೆ ಕೂರಿಸಬಹುದು. ಹೀಗೆ ಮಾಡುವುದೇ ನನಗೂ ಸರಿಯೆನಿಸುತ್ತದೆ. ಬಾನೆಟ್ ಎತ್ತಿದಾಗ ಕಾರು ತನ್ನ ಕಾಲದ್ದಾಗಿಯೇ ಕಾಣುತ್ತದೆ, ನೀರು ಮತ್ತು ಶಾಖದಿಂದ ಫ್ಯೂಸ್‌ಗಳೂ ದೂರವಿರುತ್ತವೆ.

ವೈರಿನ ಅಳತೆ

ಕಾರಿನ ವೈರನ್ನು ಬ್ರಿಟಿಷ್ ಕ್ರಮದಲ್ಲಿ ಎಳೆಗಳ ಸಂಖ್ಯೆ ಮತ್ತು ಒಂದೊಂದು ಎಳೆಯ ದಪ್ಪದಿಂದ ಗುರುತಿಸುತ್ತಾರೆ. 14/0.30 ಎಂದರೆ 0.30 ಮಿಲಿಮೀಟರ್ ದಪ್ಪದ 14 ಎಳೆಗಳು, ಒಟ್ಟು 1 ಚದರ ಮಿಲಿಮೀಟರ್ ತಾಮ್ರ. ಹಳೆಯ ಕೈಪಿಡಿಗಳಲ್ಲಿ ಇದೇ ವೈರು 14/.012 ಎಂದು ಇಂಚಿನ ಲೆಕ್ಕದಲ್ಲಿರುತ್ತದೆ. ಸಾಧಾರಣ ಪಿವಿಸಿ ಹೊದಿಕೆಯ 14/0.30 ವೈರಿನ ಸಾಮರ್ಥ್ಯ 8.75 ಆಂಪಿಯರ್, 2 ಚದರ ಮಿಲಿಮೀಟರಿನ 28/0.30ರದು 17.5, 3 ಚದರ ಮಿಲಿಮೀಟರಿನ 44/0.30ರದು 27.5, 8.5 ಚದರ ಮಿಲಿಮೀಟರಿನ 120/0.30ರದು 60. ಈ ನಾಲ್ಕು ಅಳತೆಗಳನ್ನು ನೆನಪಿಟ್ಟುಕೊಂಡರೆ ಹಳೆಯ ಕಾರಿನ ಬಹುತೇಕ ಎಲ್ಲ ಅಗತ್ಯಗಳೂ ಪೂರೈಸುತ್ತವೆ. ತೆಳು ಹೊದಿಕೆಯ, ಹೆಚ್ಚು ಶಾಖ ತಾಳುವ ಹೊಸ ವೈರುಗಳು ಇದೇ ತಾಮ್ರದಲ್ಲಿ ಇನ್ನಷ್ಟು ಕರೆಂಟನ್ನು ಹೊರಬಲ್ಲವಾದರೂ, ಹಳೆಯ ಅಂಕಿಗಳನ್ನೇ ಮಿತಿಯಾಗಿಟ್ಟುಕೊಂಡರೆ ನಷ್ಟವೇನಿಲ್ಲ, ಏಕೆಂದರೆ ವೈರು ಸುಡದಿರುವುದಷ್ಟೇ ಸಾಲದು, ಅದರಲ್ಲಿ ವೋಲ್ಟೇಜ್ ಕಳೆದುಹೋಗಲೂ ಬಾರದು.

ವೋಲ್ಟೇಜ್ ಇಳಿತದ ಮಾತು ಬಂದಾಗ ಹೆಡ್‌ಲೈಟಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಹಳೆಯ ಕಾರಿನಲ್ಲಿ ಹೆಡ್‌ಲೈಟಿನ ಕರೆಂಟ್ ಬ್ಯಾಟರಿಯಿಂದ ಸ್ಟಾರ್ಟರ್ ಸೊಲೆನಾಯ್ಡಿಗೆ (ಸ್ಟಾರ್ಟರ್ ಮೋಟರಿನ ಕರೆಂಟನ್ನು ಹಾಕುವ ಸ್ವಿಚ್ಚು), ಅಲ್ಲಿಂದ ಕಟ್‌ಔಟಿಗೆ, ಅಲ್ಲಿಂದ ಡ್ಯಾಶ್‌ಬೋರ್ಡಿನ ಲೈಟ್ ಸ್ವಿಚ್ಚಿಗೆ, ಅಲ್ಲಿಂದ ಕಾಲಿನ ಡಿಪ್ಪರ್ ಸ್ವಿಚ್ಚಿಗೆ, ಮತ್ತೆ ಬಾನೆಟ್ಟಿನ ಕೆಳಗೆ ಹಲವು ಕನೆಕ್ಟರುಗಳನ್ನು ದಾಟಿ ಬಲ್ಬಿಗೆ ಸುತ್ತಿಕೊಂಡು ಹೋಗುತ್ತದೆ. ಎರಡು 60 ವಾಟಿನ ಬಲ್ಬುಗಳಿಗೆ ಬೇಕಾದ 10 ಆಂಪಿಯರ್ ಪೂರ್ತಿಯಾಗಿ ಆ ಎರಡು ಹಳೆಯ ಸ್ವಿಚ್ಚುಗಳ ಮೂಲಕವೇ ಹಾಯಬೇಕು. 2 ಚದರ ಮಿಲಿಮೀಟರ್ ತಾಮ್ರದ ವೈರಿಗೆ ಮೀಟರಿಗೆ ಸುಮಾರು 0.009 ಓಮ್ ರೋಧ. 5 ಮೀಟರಿಗೆ 10 ಆಂಪಿಯರಿನಲ್ಲಿ ಅರ್ಧ ವೋಲ್ಟಿಗೆ ಹತ್ತಿರದ ಇಳಿತ. ಸವೆದ ಸ್ವಿಚ್ಚು, ಕಿಲುಬು ಹಿಡಿದ ಕನೆಕ್ಟರು, ತುಕ್ಕು ಹಿಡಿದ ಅರ್ತ್ (ಕರೆಂಟ್ ಕಾರಿನ ಲೋಹದ ಮೈಯ ಮೂಲಕ ಬ್ಯಾಟರಿಗೆ ಮರಳುವ ಜೋಡಣೆ) ಸೇರಿದರೆ ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.5 ವೋಲ್ಟ್ ಇದ್ದರೂ ಬಲ್ಬಿಗೆ ಸಿಗುವುದು 12 ಮಾತ್ರ ಆಗಿರುವುದು ಅಪರೂಪವಲ್ಲ. ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ವೇಗವಾಗಿ ಇಳಿಯುತ್ತದೆ: ವೋಲ್ಟೇಜ್ ಶೇ 10 ಇಳಿದರೆ ಬೆಳಕು ಸುಮಾರು ಶೇ 30 ಇಳಿಯುತ್ತದೆ. ಹಳೆಯ ಕಾರಿನ ದೀಪ ಮಂಕಾಗಿದೆಯೆಂದು 100 ವಾಟಿನ ಬಲ್ಬನ್ನು ತಂದು ಹಾಕುವವರು ಈ ಇಳಿತವನ್ನು ಇನ್ನೂ ಹೆಚ್ಚಿಸುತ್ತಾರೆ, ಸ್ವಿಚ್ಚನ್ನೂ ಸುಡುತ್ತಾರೆ. ದಾರಿ ಸರಿಯಾದರೆ ಅದೇ 60/55 ವಾಟಿನ ಬಲ್ಬು ಸಾಕಷ್ಟು ಬೆಳಗುತ್ತದೆ.

ಆ ದಾರಿಯನ್ನು ಸರಿಪಡಿಸುವ ಸಾಧನ ರಿಲೇ. ಅದು ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಸ್ವಿಚ್ಚು. ಅದರ 85 ಮತ್ತು 86 ಎಂಬ ತುದಿಗಳ ನಡುವೆ ಒಂದು ತಂತಿಸುರುಳಿ ಇದ್ದು, ಅದಕ್ಕೆ ಬೇಕಾಗುವುದು 0.2 ಆಂಪಿಯರಿನ ಆಸುಪಾಸು. ಆ ಸುರುಳಿ ಅಯಸ್ಕಾಂತವಾಗಿ ಸೆಳೆದಾಗ 30 ಮತ್ತು 87 ಎಂಬ ತುದಿಗಳು ಕೂಡಿಕೊಂಡು ದೊಡ್ಡ ಕರೆಂಟ್ ಹರಿಯುತ್ತದೆ. ಡಿಪ್ಪರ್ ಸ್ವಿಚ್ಚಿನಿಂದ ಬಲ್ಬಿಗೆ ಹೋಗುತ್ತಿದ್ದ ಹಳೆಯ ವೈರುಗಳನ್ನು ರಿಲೇಯ ಸುರುಳಿಗೆ ಕೊಟ್ಟು, ಬ್ಯಾಟರಿಯ ಕಡೆಯಿಂದ ಫ್ಯೂಸಿನ ಮೂಲಕ ಹೊಸ ದಪ್ಪ ವೈರನ್ನು 30ಕ್ಕೆ ತಂದು, 87ರಿಂದ ಹೊಸ 28/0.30 ವೈರನ್ನು ಬಲ್ಬುಗಳಿಗೆ ಎಳೆದರೆ ಆಯಿತು. ಮೇಲಿನ ಬೆಳಕಿಗೊಂದು, ಡಿಮ್ಮಿಗೊಂದು, ಎರಡು ರಿಲೇ ಬೇಕು. 87ರಿಂದ ಬಲ್ಬುಗಳಿಗೆ ಹೋಗುವ ವೈರುಗಳಲ್ಲಿ ಫ್ಯೂಸ್‌ಗಳು ನಾಲ್ಕು: ಎಡಗಡೆಯ ಮೇಲಿನ ಬೆಳಕು, ಬಲಗಡೆಯ ಮೇಲಿನ ಬೆಳಕು, ಎಡ ಡಿಮ್, ಬಲ ಡಿಮ್. ಒಂದು ಫ್ಯೂಸ್ ಹೋದರೆ ಒಂದು ಕಡೆಯ ಒಂದು ಬೆಳಕು ಮಾತ್ರ ಆರುತ್ತದೆ. ಫ್ಯೂಸಿಲ್ಲದೆ ಬಿಡುವುದಕ್ಕೆ ಹಿಂದಿನವರಿಗಿದ್ದ ಕಾರಣವೂ ಇದರಿಂದ ಇಲ್ಲವಾಗುತ್ತದೆ. ಒಂದೊಂದು ಬಲ್ಬಿನ ಕರೆಂಟ್ 5 ಆಂಪಿಯರಿನಷ್ಟು, ವೈರಿನ ಸಾಮರ್ಥ್ಯ 17.5, ನಡುವೆ 10 ಆಂಪಿಯರಿನ ಕೆಂಪು ಫ್ಯೂಸ್. ಎಡೆಬಿಡದೆ ಉರಿಯುವ ಹೊರೆಯು ಫ್ಯೂಸಿನ ಅಂಕಿಯ ಮುಕ್ಕಾಲನ್ನು ಮೀರದಂತೆ ನೋಡಿಕೊಳ್ಳುವುದು ರೂಢಿ. ತಣ್ಣಗಿರುವ ಬಲ್ಬು ಹೊತ್ತಿಕೊಳ್ಳುವ ಕ್ಷಣದಲ್ಲಿ ಹಲವು ಪಟ್ಟು ಕರೆಂಟನ್ನು ಎಳೆಯುವುದರಿಂದಲೂ ಈ ಅಂತರ ಬೇಕು.

ಇಡೀ ಸುಧಾರಣೆಯಲ್ಲಿ ಒಂದನ್ನಷ್ಟೇ ಮಾಡಲು ಕೈಯಲ್ಲಿ ಹಣವಿದ್ದರೆ ಹೆಡ್‌ಲೈಟಿನ ಈ ಕೆಲಸವನ್ನು ಮೊದಲು ಮಾಡಿಸಬೇಕೆಂಬುದು ನನ್ನ ಅಭಿಪ್ರಾಯ. ಮೂಲ ವೈರಿಂಗನ್ನು ಕತ್ತರಿಸದೆ ಇದನ್ನು ಸೇರಿಸಬಹುದು, ರಾತ್ರಿಯ ಪ್ರಯಾಣ ಸುರಕ್ಷಿತವಾಗುತ್ತದೆ, ಇಂದು ಮೂಲ ಬಿಡಿಭಾಗವಾಗಿ ಸಿಗುವುದೇ ಕಷ್ಟವಾಗಿರುವ ಸ್ವಿಚ್ಚುಗಳೂ ಉಳಿಯುತ್ತವೆ.

ಹಂಚಿಕೆ ಮತ್ತು ಮುಖ್ಯ ಫ್ಯೂಸ್

ಎರಡನೆಯ ಹೆಜ್ಜೆಯೆಂದರೆ ಎ4ರಿಂದ ಹೊರಡುವ ಹಸಿರು ವೈರುಗಳ ಗುಂಪನ್ನು ಬಿಡಿಸುವುದು. ವೈಪರಿನ ವೈರು ಎಲ್ಲೋ ಉಜ್ಜಿ ಶಾರ್ಟ್ ಆಗಿ ಫ್ಯೂಸ್ ಹೋದರೆ, ವೈಪರ್ ನಿಂತದ್ದು ಚಾಲಕನ ಕಣ್ಣಿಗೆ ಬೀಳುತ್ತದೆ. ಅದೇ ಕ್ಷಣದಲ್ಲಿ ಬ್ರೇಕ್ ಲೈಟೂ ಸತ್ತಿದೆ ಎಂಬುದು ಅವನಿಗೆ ತಿಳಿಯುವುದಿಲ್ಲ. ಆಗುಂಬೆಯ ಮಳೆಯಲ್ಲಿ ಹಿಂದೆ ಬಸ್ಸು ಬರುತ್ತಿರುವಾಗ ಇದರ ಪರಿಣಾಮವೇನೆಂದು ಯಾರಾದರೂ ಊಹಿಸಬಹುದು. ಆದ್ದರಿಂದ ಬ್ರೇಕ್ ಲೈಟಿಗೆ ಅದರದೇ ಆದ 7.5 ಆಂಪಿಯರಿನ ಫ್ಯೂಸ್ ಇರಲಿ. ಎರಡು 21 ವಾಟಿನ ಬಲ್ಬುಗಳ ಕರೆಂಟ್ 3.5 ಆಂಪಿಯರ್ ಮಾತ್ರ. ವೈಪರಿಗೆ ಬೇರೆ, ಇಂಡಿಕೇಟರಿಗೆ ಬೇರೆ, ಗೇಜುಗಳಿಗೆ ಬೇರೆ ಫ್ಯೂಸ್ ಕೊಡಬೇಕು. ಪಾರ್ಕಿಂಗ್ ದೀಪಗಳನ್ನೂ ಎಡ ಬಲ ಎಂದು ಬೇರ್ಪಡಿಸಿದರೆ, ಕತ್ತಲಲ್ಲಿ ನಿಂತ ಕಾರಿನ ಒಂದು ಬದಿಯಾದರೂ ಕಾಣುತ್ತಿರುತ್ತದೆ. ಮೊಬೈಲ್ ಚಾರ್ಜರ್, ರೇಡಿಯೊದಂತಹ ನಂತರ ಬಂದವುಗಳನ್ನು ಹಳೆಯ ಸರ್ಕ್ಯೂಟಿಗೆ ಕಚ್ಚಿಸದೆ ಪ್ರತ್ಯೇಕ ಫ್ಯೂಸಿನಲ್ಲಿಡಬೇಕು.

ಇಗ್ನಿಷನ್ ಕಾಯಿಲಿಗೆ ಫ್ಯೂಸ್ ಬೇಕೇ ಬೇಡವೇ ಎಂಬ ಬಗ್ಗೆ ತಿಳಿದವರಲ್ಲಿಯೂ ಒಮ್ಮತವಿಲ್ಲ. ಫ್ಯೂಸ್ ಹೋದರೆ ಎಂಜಿನ್ ನಡುರಸ್ತೆಯಲ್ಲಿ ನಿಲ್ಲುತ್ತದೆ ಎಂಬುದು ಬೇಡವೆನ್ನುವವರ ವಾದ. ಆ ಬಿಳಿ ವೈರು ಎಂಜಿನ್ನಿನ ಬಿಸಿ ಭಾಗಗಳ ಬಳಿಯೇ ಹಾದುಹೋಗುತ್ತದೆ ಎಂಬುದನ್ನು ನೆನೆದರೆ, ಹೊಸ ವೈರು ಹಾಕಿ 10 ಅಥವಾ 15 ಆಂಪಿಯರಿನ ಫ್ಯೂಸನ್ನು ಅದಕ್ಕೆ ಮಾತ್ರ ಮೀಸಲಾಗಿ ಕೊಡುವುದು ಮೇಲು ಎನ್ನುತ್ತೇನೆ. ಬೇರೆ ಯಾವ ಉಪಕರಣವೂ ಆ ಫ್ಯೂಸನ್ನು ಹಂಚಿಕೊಳ್ಳಬಾರದು.

ಇಷ್ಟೆಲ್ಲ ಮಾಡಿದರೂ ಬ್ಯಾಟರಿಯಿಂದ ಫ್ಯೂಸ್ ಬಾಕ್ಸಿನವರೆಗಿನ ಮುಖ್ಯ ವೈರು ಬೆತ್ತಲೆಯಾಗಿಯೇ ಉಳಿದಿರುತ್ತದೆ. ಅದಕ್ಕಾಗಿ ಬ್ಯಾಟರಿಯ ಅಥವಾ ಸೊಲೆನಾಯ್ಡಿನ ಲೈವ್ ತುದಿಯಿಂದ (ಅರ್ತ್ ಆಗದ ತುದಿ) ಒಂದು ಗೇಣಿನೊಳಗೆ, ಬೋಲ್ಟಿನಿಂದ ಬಿಗಿಯುವ ಮಾದರಿಯ ಒಂದು ಮುಖ್ಯ ಫ್ಯೂಸನ್ನು ಕೂರಿಸಬೇಕು. ಫ್ಯೂಸಿಗೂ ಬ್ಯಾಟರಿಗೂ ನಡುವಿನ ವೈರನ್ನು ಯಾವುದೂ ಕಾಯುವುದಿಲ್ಲವಾದ್ದರಿಂದ ಆ ಅಂತರ ಎಷ್ಟು ಕಡಿಮೆಯಿದ್ದರೆ ಅಷ್ಟು ಒಳ್ಳೆಯದು. 60 ಆಂಪಿಯರ್ ಸಾಮರ್ಥ್ಯದ 120/0.30 ವೈರಿಗೆ 50 ಆಂಪಿಯರಿನ ಮುಖ್ಯ ಫ್ಯೂಸ್ ಹೊಂದುತ್ತದೆ. ಸ್ಟಾರ್ಟರ್ ಮೋಟರಿನ ದಪ್ಪ ಕೇಬಲ್ ಮಾತ್ರ ಈ ಫ್ಯೂಸಿನ ಹೊರಗಿರಬೇಕು. ಎಂಜಿನ್ ತಿರುಗಿಸುವಾಗ ಅದು ನೂರಕ್ಕೂ ಹೆಚ್ಚು ಆಂಪಿಯರನ್ನು ಎಳೆಯುತ್ತದೆ. ಡೈನಮೊ ಬದಲಿಗೆ ಹೊಸ ಕಾಲದ ಆಲ್ಟರ್ನೇಟರ್ ಹಾಕಿರುವ ಕಾರಿನಲ್ಲಿ ಮುಖ್ಯ ಫ್ಯೂಸನ್ನು ತೀರ ಬಿಗಿಯಾಗಿ ಆರಿಸಬಾರದು, ಏಕೆಂದರೆ ಓಡುತ್ತಿರುವಾಗ ಆಲ್ಟರ್ನೇಟರಿಗೂ ಬ್ಯಾಟರಿಗೂ ಸಂಪರ್ಕ ತಪ್ಪಿದರೆ ವೋಲ್ಟೇಜ್ ಒಮ್ಮೆಲೇ ಚಿಮ್ಮಿ ಬಲ್ಬುಗಳನ್ನೂ ರೇಡಿಯೊವನ್ನೂ ಕೆಡಿಸಬಲ್ಲದು.

ಡೈನಮೊ ತೆಗೆದು ಆಲ್ಟರ್ನೇಟರ್ ಹಾಕುವುದು ಸಾಮಾನ್ಯವಾಗಿ ಇದೇ ಸಂದರ್ಭದಲ್ಲಿ ನಡೆಯುತ್ತದೆ. ಡೈನಮೊ ಎಂಜಿನ್ ನಿಧಾನಗತಿಯಲ್ಲಿರುವಾಗ ಏನನ್ನೂ ಕೊಡುವುದಿಲ್ಲವೆಂದೇ ಹೇಳಬೇಕು. ಲೂಕಾಸಿನ 17ಎಸಿಆರ್ ಆಲ್ಟರ್ನೇಟರ್ 36 ಆಂಪಿಯರ್ ಕೊಡುತ್ತದೆ, ಸಿಗ್ನಲ್ಲಿನಲ್ಲಿ ನಿಂತಾಗಲೂ ಅದರ ಚಾರ್ಜ್ ತಕ್ಕಮಟ್ಟಿಗೆ ಇರುತ್ತದೆ. ಆದರೆ 22 ಆಂಪಿಯರಿಗೆಂದು ಎಳೆದಿದ್ದ ಹಳೆಯ ವೈರಿನಲ್ಲಿ ಅಷ್ಟನ್ನು ಹಾಯಿಸಬಾರದು. ಆಲ್ಟರ್ನೇಟರಿನಿಂದ ಸೊಲೆನಾಯ್ಡಿನ ಬ್ಯಾಟರಿ ತುದಿಗೆ, ಮುಖ್ಯ ಫ್ಯೂಸಿನ ಮೂಲಕ, ಹೊಸ ದಪ್ಪ ವೈರನ್ನೇ ಹಾಕಬೇಕು. ಡ್ಯಾಶ್‌ಬೋರ್ಡಿನಲ್ಲಿ ಆಮೀಟರ್ ಇರುವ ಕಾರಾದರೆ ಕಾರಿನ ಕರೆಂಟೆಲ್ಲ ಆ ಪುಟ್ಟ ಮೀಟರಿನ ಬೆನ್ನಿನ ಮೇಲೆ, ಫ್ಯೂಸಿಲ್ಲದೆ, ಹಾಯುತ್ತಿರುತ್ತದೆ. 30 ಆಂಪಿಯರಿನವರೆಗೆ ಮಾತ್ರ ತೋರಿಸುವ ಮೀಟರನ್ನು ಆಲ್ಟರ್ನೇಟರಿನೊಂದಿಗೆ ಹಾಗೆಯೇ ಮುಂದುವರಿಸದೆ, ಅದನ್ನು ಸರ್ಕ್ಯೂಟಿನಿಂದ ಬಿಡಿಸಿ ವೋಲ್ಟ್ ಮೀಟರನ್ನು ಹಾಕಿಕೊಳ್ಳಬೇಕು.

ಇನ್ನೊಂದು ಎಚ್ಚರಿಕೆ ಅರ್ತಿನ ಬಗೆಗೆ. 1960ರ ದಶಕದ ನಡುವಿನವರೆಗೂ ಅನೇಕ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯನ್ನು ಕಾರಿನ ಲೋಹದ ಮೈಗೆ ಜೋಡಿಸುತ್ತಿದ್ದರು. ಎಂಜಿಬಿ ನೆಗೆಟಿವ್ ಅರ್ತಿಗೆ ಬದಲಾದುದು 1967ರ ಕೊನೆಯಲ್ಲಿ. ಕೆಲಸ ಶುರುಮಾಡುವ ಮುನ್ನ ನಿಮ್ಮ ಕಾರಿನಲ್ಲಿ ಯಾವ ತುದಿ ಕಾರಿನ ಮೈಗೆ ಹೋಗಿದೆಯೆಂದು ಕಣ್ಣಾರೆ ನೋಡಬೇಕು. ಪಾಸಿಟಿವ್ ಅರ್ತ್ ಕಾರಿಗೆ ಇಂದಿನ ರೇಡಿಯೊ, ಚಾರ್ಜರ್, ಆಲ್ಟರ್ನೇಟರ್ ನೇರವಾಗಿ ಹೊಂದುವುದಿಲ್ಲ; ಒಳಗೆ ಡಯೋಡ್ ಇರುವ ರಿಲೇಯನ್ನು ತಿರುವುಮುರುವಾಗಿ ಜೋಡಿಸಿದರೆ ಅದೂ ಸುಡುತ್ತದೆ. ನೆಗೆಟಿವ್ ಅರ್ತಿಗೆ ಬದಲಾಯಿಸುವುದು ಕಷ್ಟವಲ್ಲ: ಬ್ಯಾಟರಿಯನ್ನು ತಿರುಗಿಸಿ, ಕಾಯಿಲಿನ ಎರಡು ಸಣ್ಣ ವೈರುಗಳನ್ನೂ ಆಮೀಟರಿನ ವೈರುಗಳನ್ನೂ ಅದಲುಬದಲು ಮಾಡಿ, ಡೈನಮೊ ಉಳಿಸಿಕೊಂಡಿದ್ದರೆ ಅದರ ಎಫ್ ತುದಿಯ ವೈರನ್ನು ಬಿಚ್ಚಿ, ಆ ತುದಿಗೆ ಬ್ಯಾಟರಿಯ ಲೈವ್ ವೈರನ್ನು ಕ್ಷಣಮಾತ್ರ ತಾಗಿಸಿ ಅದರ ಕಾಂತಧ್ರುವವನ್ನು ಬದಲಾಯಿಸಬೇಕು.

ಸಾಮಗ್ರಿ, ಜೋಡಣೆ, ಪರೀಕ್ಷೆ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ಬೇರೆ ಊರಿನಲ್ಲಾಗಲಿ ವೈರನ್ನು ಕೊಳ್ಳುವಾಗ ಒಂದು ತುದಿಯನ್ನು ಸುಲಿದು, ಎಳೆಯನ್ನು ಚಾಕುವಿನಿಂದ ಕೆರೆದು ನೋಡುವುದಕ್ಕೆ ಸಂಕೋಚಪಡಬಾರದು. ತಾಮ್ರದ ಲೇಪನವಿರುವ ಅಲ್ಯೂಮಿನಿಯಂ ವೈರಾದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಅದರ ರೋಧ ಹೆಚ್ಚು, ಅದು ಬೇಗ ಮುರಿಯುತ್ತದೆ, ಕಾರಿಗೆ ಅದು ಸಲ್ಲದು. ಮನೆಯ ವೈರಿಂಗಿಗೆ ಬಳಸುವ ವೈರಿನ ಹೊದಿಕೆಯನ್ನು ಎಣ್ಣೆ, ಪೆಟ್ರೋಲ್, ಎಂಜಿನ್ನಿನ ಶಾಖಗಳ ನಡುವೆ ಇರಲೆಂದು ಮಾಡಿರುವುದಿಲ್ಲ. ಬಣ್ಣದ ವಿಷಯದಲ್ಲಿ ಲೂಕಾಸ್ ಸಂಕೇತವನ್ನೇ ಅನುಸರಿಸುವುದು ವಿವೇಕ: ಕಂದು ಎಂದರೆ ಬ್ಯಾಟರಿಯ ನೇರ ಕರೆಂಟ್, ನೇರಳೆ ಎಂದರೆ ಫ್ಯೂಸ್ ದಾಟಿದ ಸದಾ ಕರೆಂಟ್, ಬಿಳಿ ಎಂದರೆ ಇಗ್ನಿಷನ್ ಸ್ವಿಚ್ಚಿನಿಂದ ಬಂದದ್ದು, ಹಸಿರು ಎಂದರೆ ಅದೇ ಫ್ಯೂಸ್ ದಾಟಿದ ಮೇಲೆ, ನೀಲಿ ಹೆಡ್‌ಲೈಟಿಗೆ, ಕೆಂಪು ಪಾರ್ಕಿಂಗ್ ದೀಪಕ್ಕೆ, ಕಪ್ಪು ಅರ್ತಿಗೆ. ಕೈಗೆ ಸಿಕ್ಕಿದ ಒಂದೇ ಬಣ್ಣದ ವೈರಿನಿಂದ ಇಡೀ ಕಾರನ್ನು ಕಟ್ಟಿಕೊಡುವ ಎಲೆಕ್ಟ್ರಿಷಿಯನ್ ಎಷ್ಟೇ ಕುಶಲನಾಗಿದ್ದರೂ, ಮುಂದೆ ಆ ಕಾರನ್ನು ರಿಪೇರಿ ಮಾಡಬೇಕಾದವನಿಗೆ ಅವನು ದೊಡ್ಡ ಅನ್ಯಾಯ ಮಾಡಿದಂತೆ.

ವೈರಿನ ತುದಿಗಳಿಗೆ ಲಗ್ (ಜೋಡಣೆಯ ಲೋಹದ ಕೊನೆ) ಹಾಕುವಾಗ ಅಳತೆಗೆ ತಕ್ಕ ಕ್ರಿಂಪಿಂಗ್ ಟೂಲಿನಿಂದ ಒತ್ತಬೇಕು; ಕಟಿಂಗ್ ಪ್ಲೇಯರಿನಲ್ಲಿ ಜಜ್ಜಿದ ಜೋಡಣೆ ಕೆಲವು ತಿಂಗಳಲ್ಲಿ ಸಡಿಲವಾಗುತ್ತದೆ. ಬೆಸುಗೆ ಹಾಕುವುದು ತಪ್ಪಲ್ಲ, ಆದರೆ ಬೆಸುಗೆ ಎಳೆಗಳ ನಡುವೆ ಹೀರಿಕೊಂಡು ಗಟ್ಟಿಯಾದ ಕಡೆಯಲ್ಲಿ, ಅದು ಮುಗಿಯುವ ಗೆರೆಯಲ್ಲಿಯೇ ವೈರು ಅದುರಾಟಕ್ಕೆ ಮುರಿಯುತ್ತದೆ. ಆದ್ದರಿಂದ ಬೆಸುಗೆಯ ಹಿಂದೆ ವೈರನ್ನು ಬಿಗಿದು ಹಿಡಿಯುವ ಆಸರೆ ಬೇಕು. ತಗಡಿನ ತೂತಿನಲ್ಲಿ ವೈರು ಹಾಯುವ ಪ್ರತಿಯೊಂದು ಕಡೆಯೂ ತೂತಿನ ಅಂಚನ್ನು ಮುಚ್ಚುವ ರಬ್ಬರ್ ಬಳೆ, ಅಂದರೆ ಗ್ರಾಮೆಟ್ ಇರಲೇಬೇಕು, ಶಾರ್ಟ್‌ಗಳು ಹುಟ್ಟುವುದೇ ಅಲ್ಲಿ. ಅರ್ತ್ ಜಾಗಗಳಲ್ಲಿ ಬಣ್ಣವನ್ನು ಪೂರ್ತಿ ಕೆರೆದು, ತಗಡು ಹೊಳೆಯುವಂತೆ ಮಾಡಿ, ಬಿಗಿದ ಮೇಲೆ ವ್ಯಾಸಲೀನ್ ಹಚ್ಚಬೇಕು. ಎಂಜಿನ್ ರಬ್ಬರ್ ಮೌಂಟಿಂಗ್‌ಗಳ ಮೇಲೆ ಕುಳಿತಿರುವುದರಿಂದ ಎಂಜಿನ್ನಿಗೂ ಬಾಡಿಗೂ ನಡುವೆ ಒಂದು ಒಳ್ಳೆಯ ಅರ್ತ್ ಪಟ್ಟಿ ಬೇಕೇ ಬೇಕು. ಅದು ಕಡಿದುಹೋದರೆ ಸ್ಟಾರ್ಟರಿನ ಕರೆಂಟ್ ಆಕ್ಸಿಲರೇಟರ್ ಅಥವಾ ಚೋಕಿನ ಕೇಬಲ್ಲನ್ನು ದಾರಿಯಾಗಿ ಮಾಡಿಕೊಂಡು ಅದನ್ನು ಸುಡುತ್ತದೆ.

ಕೆಲಸಕ್ಕೆ ಕೈಹಾಕುವ ಮೊದಲು ಬ್ಯಾಟರಿಯ ಅರ್ತ್ ತುದಿಯನ್ನು ಬಿಚ್ಚಬೇಕು. ಲೈವ್ ತುದಿಯನ್ನು ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಕಾರಿನ ಮೈಗೆ ತಾಗಿದರೆ ಅದೇ ಒಂದು ಶಾರ್ಟ್. ಮುಗಿದ ಮೇಲೆ ಅರ್ತ್ ತುದಿಯನ್ನು ನೇರವಾಗಿ ಜೋಡಿಸದೆ, ಕೇಬಲ್ಲಿಗೂ ಬ್ಯಾಟರಿಗೂ ನಡುವೆ 21 ವಾಟಿನ ಒಂದು ಬಲ್ಬನ್ನು ಇಟ್ಟು ನೋಡಬೇಕು. ಎಲ್ಲ ಸ್ವಿಚ್ಚುಗಳೂ ಆಫ್ ಇರುವಾಗ ಆ ಬಲ್ಬು ಉರಿದರೆ ಎಲ್ಲೋ ಶಾರ್ಟ್ ಇದೆ, ಇಲ್ಲವೇ ಏನೋ ಹಾಕಿಕೊಂಡಿದೆ ಎಂದರ್ಥ. ಬಲ್ಬು ಕರೆಂಟನ್ನು 2 ಆಂಪಿಯರಿನೊಳಗೆ ತಡೆಯುವುದರಿಂದ ಯಾವ ವೈರೂ ಸುಡದೆ ದೋಷವನ್ನು ನಿಧಾನವಾಗಿ ಹುಡುಕಬಹುದು. ಬಳಿಕ ಎಂಜಿನ್ ಓಡಿಸಿ, ಹೆಡ್‌ಲೈಟ್ ಹಾಕಿ, ಮಲ್ಟಿಮೀಟರಿನಿಂದ ಎರಡು ಅಳತೆ ತೆಗೆಯಬೇಕು: ಬ್ಯಾಟರಿಯ ಅರ್ತ್ ತುದಿಯಿಂದ ಬಲ್ಬಿನ ಅರ್ತ್ ವೈರಿಗೆ 0.2 ವೋಲ್ಟಿಗಿಂತ ಹೆಚ್ಚು ಇರಬಾರದು. ಲೈವ್ ತುದಿಯಿಂದ ಬಲ್ಬಿನ ಲೈವ್ ಪಿನ್ನಿಗೆ 0.5 ವೋಲ್ಟನ್ನು ಮೀರಬಾರದು. ಮೀರಿದರೆ ಒಂದೊಂದೇ ಜೋಡಣೆಯ ಎರಡು ಬದಿಗೂ ಮೀಟರಿನ ಕಡ್ಡಿಗಳನ್ನಿಟ್ಟು ಎಲ್ಲಿ ವೋಲ್ಟೇಜ್ ಕಳೆಯುತ್ತಿದೆಯೆಂದು ಹಿಡಿಯಬಹುದು. ಅರ್ಧ ಗಂಟೆ ದೀಪ ಹಾಕಿ ಓಡಿಸಿದ ನಂತರ ಫ್ಯೂಸ್‌ಗಳನ್ನೂ ರಿಲೇಯ ತುದಿಗಳನ್ನೂ ಬೆರಳಿನಿಂದ ಮುಟ್ಟಿ ನೋಡಬೇಕು. ಒಂದು ಫ್ಯೂಸ್ ಉಳಿದವುಗಳಿಗಿಂತ ಎದ್ದು ಕಾಣುವಷ್ಟು ಬಿಸಿಯಾಗಿದ್ದರೆ ಅಲ್ಲಿನ ಲಗ್ ಸಡಿಲವಾಗಿದೆ, ಇಲ್ಲವೇ ಆ ಸರ್ಕ್ಯೂಟಿನ ಹೊರೆ ಲೆಕ್ಕಕ್ಕಿಂತ ಹೆಚ್ಚಾಗಿದೆ. ಯಾವ ಫ್ಯೂಸ್ ಯಾವುದಕ್ಕೆ, ಎಷ್ಟು ಆಂಪಿಯರ್, ವೈರಿನ ಬಣ್ಣ ಮತ್ತು ಅಳತೆ ಏನು ಎಂಬುದನ್ನೆಲ್ಲ ಬರೆದ ಚೀಟಿಯನ್ನು ಫ್ಯೂಸ್ ಬಾಕ್ಸಿನ ಮುಚ್ಚಳದ ಒಳಬದಿಗೆ ಅಂಟಿಸಿ, ಅದರ ಪಕ್ಕದಲ್ಲಿಯೇ ಪ್ರತಿ ಅಂಕಿಯ ಒಂದೊಂದು ಹೆಚ್ಚುವರಿ ಫ್ಯೂಸನ್ನು ಇಟ್ಟಿರಬೇಕು. ಸರಿಯಾದ ಫ್ಯೂಸ್ ಕೈಗೆಟುಕುವಂತಿದ್ದರೆ ದಾರಿಯ ನಡುವೆ ಯಾರೂ ತಾಮ್ರದ ಎಳೆಯನ್ನು ಹುಡುಕಲು ಹೋಗುವುದಿಲ್ಲ.